ಕಾಲುವೆಯ ಪಾಳಿಯೂ ಅರ್ಜಿಯ ತಾರೀಖೂ

ಪಿ.ಯು. ಫಲಿತಾಂಶ ಬಂದ ಮರುದಿನ ಉಪನ್ಯಾಸಕರ ಕೊಠಡಿಯ ಬಾಗಿಲಿಗೆ ತಂದೆತಾಯಿಗಳು ಬಂದು ನಿಲ್ಲುವುದು ನಮ್ಮ ಕಡೆಯ ವಾಡಿಕೆ. 2025ರ ಏಪ್ರಿಲಿನಲ್ಲಿ ಹಾಗೆ ಬಂದವರಲ್ಲಿ ಹಿಡಕಲ್ ಕಡೆಯ ರೈತರೊಬ್ಬರಿದ್ದರು. ಕಾಲುವೆಯ ನೀರನ್ನು ನಂಬಿ ಬದುಕಿದವರು. ಜೊತೆಯಲ್ಲಿ ಮಗಳು. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಕಲಾ ವಿಭಾಗದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲೆ ಅಂಕ.

“ಸರ, ಈಕಿ ದಿಲ್ಲಿಗೆ ಹೋಗಿ ಇತಿಹಾಸ ಓದತೇನಂತಾಳ. ಅಲ್ಲಿ ಸೀಟು ಸಿಗತೈತೇನ್ರಿ? ಖರೇ ಹೇಳ್ರಿ.”

ಖರೇ ಸಂಗತಿಯನ್ನು ಹೇಳುವುದು ನನಗೆ ಕಷ್ಟವಾಯಿತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ 2022ರಿಂದ ಒಂದು ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತಿದೆ. ಅದನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು. ಅವುಗಳಲ್ಲಿ ಕನ್ನಡವೂ ಒಂದು. ಆದರೆ ಆ ವರ್ಷ ಅದಕ್ಕೆ ಅರ್ಜಿ ಹಾಕುವ ಅವಧಿ ಮಾರ್ಚ್ 24ಕ್ಕೇ ಮುಗಿದಿತ್ತು. ನಮ್ಮ ಪಿ.ಯು. ಪರೀಕ್ಷೆ ನಡೆದದ್ದು ಅದೇ ತಿಂಗಳಲ್ಲಿ. ಫಲಿತಾಂಶ ಬಂದದ್ದು ಏಪ್ರಿಲ್ 8ರಂದು. “ಮೊದಲು ರಿಸಲ್ಟ್ ಬರಲಿ” ಎಂದು ಕಾದ ಮನೆಗಳೆಲ್ಲ ಬಾಗಿಲು ಮುಚ್ಚಿದ ಮೇಲೆ ಹೊರಟವು. ಹುಡುಗಿ ಸೋತದ್ದು ಬುದ್ಧಿಯಲ್ಲಲ್ಲ, ತಾರೀಖಿನಲ್ಲಿ.

ಆ ತಾರೀಖು ನನಗೆ ತಿಳಿದಿರಲಿಲ್ಲವೆ? ತಿಳಿದಿತ್ತು. ನಮ್ಮ ಹಳ್ಳಿಯ ಮಕ್ಕಳಿಗೆ ದಿಲ್ಲಿಯ ಮಾತೇಕೆ ಎಂದು ಸುಮ್ಮನಿದ್ದೆ. ಅವಳು ಕೇಳುವ ಮೊದಲೇ ಅವಳ ಅವಕಾಶವನ್ನು ನಾನು ತೂಗಿ, ಹಗುರವೆಂದು ಕೆಳಗಿಟ್ಟಿದ್ದೆ.

ಪ್ರತಿಭೆಯಿದ್ದವರು ಹೇಗಾದರೂ ಮೇಲೆ ಬರುತ್ತಾರೆಂಬುದು ನಮ್ಮ ಸಭೆಗಳ ಮಾಮೂಲಿನ ಮಾತು. ಅದಕ್ಕೆ ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರನ್ನು ನಿದರ್ಶನವಾಗಿ ಕೊಡುತ್ತೇವೆ. ಅವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ್‍ಯಾಂಗ್ಲರ್ ಆದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಹೆಮ್ಮೆ ಸಹಜವಾದುದೇ. ಆದರೆ ತಲುಪಿದವರ ಹೆಸರುಗಳನ್ನಷ್ಟೇ ನಾವು ಎಣಿಸುತ್ತೇವೆ. ಹೊರಡಲಾಗದೆ ಉಳಿದವರ ಲೆಕ್ಕವನ್ನು ಯಾವ ಸಭೆಯೂ ಇಡುವುದಿಲ್ಲ.

ಸಿಗದ ಸೀಟಿಗೆ ಆಸೆ ಹುಟ್ಟಿಸುವುದು ತಪ್ಪಲ್ಲವೆ ಎಂದು ಕೆಲವು ಮಿತ್ರರು ಕೇಳಬಹುದು. ಸುಳ್ಳು ಭರವಸೆ ತಪ್ಪೇ ಸರಿ. ಅಲ್ಲಿ ಸ್ಪರ್ಧೆ ಕಠಿಣ, ದೂರದ ಊರಿನ ಖರ್ಚು ದೊಡ್ಡದು ಎಂಬುದನ್ನು ಮುಚ್ಚಿಡಬಾರದು. ಧಾರವಾಡಕ್ಕೂ ಬೆಳಗಾವಿಗೂ ಅರ್ಜಿ ಹಾಕಿಸಲೇಬೇಕು. ಆದರೆ ಕಠಿಣವೆಂದು ತಿಳಿಸುವುದು ಬೇರೆ, ತಿಳಿಸದೆಯೇ ತಡೆಯುವುದು ಬೇರೆ. ಓದಿದವರ ಮನೆಯಲ್ಲಿ ಅಣ್ಣನೋ ಅತ್ತೆಯೋ ಊಟದ ಹೊತ್ತಿಗೆ ಹೇಳಿಬಿಡುವ ಸಂಗತಿಗಳನ್ನು, ಮೊದಲ ತಲೆಮಾರಿನ ವಿದ್ಯಾರ್ಥಿಗೆ ಹೇಳಬೇಕಾದವರು ಅಧ್ಯಾಪಕರೇ. ರಾಜ್ಯದ ಜಾತಿ ಪ್ರಮಾಣಪತ್ರವೊಂದೇ ಅಲ್ಲಿಗೆ ಸಾಲದು, ಹಿಂದುಳಿದ ವರ್ಗದವರಿಗೆ ಕೇಂದ್ರದ ನಮೂನೆಯದು ಬೇರೆಯೇ ಬೇಕು ಎಂಬಂಥ ಸಣ್ಣ ಸಂಗತಿಯೂ ಅಲ್ಲಿ ಒಂದು ವರ್ಷದ ಬೆಲೆ ಬಾಳುತ್ತದೆ.

ಆದಕಾರಣ ನನ್ನ ಸೂಚನೆ ಇಷ್ಟೇ. ದೀಪಾವಳಿಯ ರಜೆ ಮುಗಿದೊಡನೆ ಪ್ರತಿಯೊಂದು ಕಾಲೇಜಿನಲ್ಲಿಯೂ ಇಂಥ ಪರೀಕ್ಷೆಗಳ ವಿಷಯವನ್ನು ಕನ್ನಡದಲ್ಲಿ ಬರೆದು ಹಚ್ಚಬೇಕು. ತಾರೀಖು ಪ್ರಕಟವಾದ ದಿನವೇ ಅದನ್ನು ತರಗತಿಯಲ್ಲಿ ಓದಿ ಹೇಳಬೇಕು. ಕಾಲೇಜಿನ ಕಂಪ್ಯೂಟರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅರ್ಜಿ ತುಂಬಿಸಬೇಕು. ಆರಿಸುವುದು, ಬಿಡುವುದು ವಿಶ್ವವಿದ್ಯಾಲಯದ ಕೆಲಸ. ಆ ಕೆಲಸವನ್ನು ನಾವು ಮೊದಲೇ ಮಾಡಿ ಮುಗಿಸಬಾರದು.

ನಾನು ಸಂಗತಿಯನ್ನು ತಿಳಿಸಿದಾಗ ಆ ತಂದೆ ಸಿಟ್ಟಾಗಲಿಲ್ಲ. “ನೀರಿನ ಪಾಳಿ ನಡುರಾತ್ರಿ ಬಂದ್ರೂ ನಾ ಎದ್ದು ಹೋಗತೇನ್ರಿ ಸರ. ಇದರ ಪಾಳಿ ಯಾವಾಗ ಅಂತ ಯಾರೂ ಹೇಳಲಿಲ್ಲ” ಎಂದಷ್ಟೇ ನುಡಿದರು. ಹುಡುಗಿ ತಲೆ ತಗ್ಗಿಸಿ ಅಂಕಪಟ್ಟಿಯನ್ನು ಮಡಿಚಿಟ್ಟುಕೊಂಡಳು. ಹೇಳಬೇಕಾಗಿದ್ದವನು ಎದುರಿಗೇ ಕುಳಿತಿದ್ದೆ.