ಬಾಡಿಗೆ ಮನೆಯ ಮೇಲೆ ಸೊಸೈಟಿಯ ಸುಂಕ





ನವಿ ಮುಂಬಯಿಯ ವಾಶಿಯ ಹಲವು ಹೌಸಿಂಗ್ ಸೊಸೈಟಿಗಳಲ್ಲಿ ಮನೆ ಬಾಡಿಗೆಗೆ ಕೊಟ್ಟ ಸದಸ್ಯರಿಂದ ‘ನಾನ್-ಆಕ್ಯುಪೆನ್ಸಿ ಚಾರ್ಜ್’ ಹೆಸರಿನಲ್ಲಿ ಮನಬಂದಷ್ಟು ಹಣ ಎತ್ತಲಾಗುತ್ತಿದೆ. ಬಾಡಿಗೆಗೆ ಯಾರು ಬರಬೇಕು, ಯಾರು ಬರಬಾರದು ಎಂಬುದನ್ನೂ ಕಮಿಟಿಯೇ ನಿರ್ಧರಿಸುತ್ತಿದೆ. ಬ್ಯಾಚುಲರ್‌ಗಳಿಗೆ ಇಲ್ಲ, ಹೋಟೆಲಿನವರಿಗೆ ಇಲ್ಲ, ಎನ್‌ಒಸಿಗೆ ಇಷ್ಟು, ಸಾಮಾನು ಏರಿಸಲು ಇಷ್ಟು. ಇದನ್ನು ಪ್ರಶ್ನಿಸಬೇಕಾದ ಮಾಲೀಕರು ಬಾಯಿ ಮುಚ್ಚಿ ಕಟ್ಟುತ್ತಾರೆ. ಮುಂದಿನ ವರ್ಷ ಅದನ್ನೇ ಬಾಡಿಗೆಗೆ ಸೇರಿಸುತ್ತಾರೆ.

ನಾನ್-ಆಕ್ಯುಪೆನ್ಸಿ ಶುಲ್ಕಕ್ಕೆ ಮಿತಿ ಹಾಕಿ ಕಾಲು ಶತಮಾನವಾಗುತ್ತ ಬಂತು. ಮಹಾರಾಷ್ಟ್ರ ಸರಕಾರವು ಸಹಕಾರ ಸಂಘಗಳ ಕಾಯಿದೆಯ 79ಎ ಕಲಮಿನಡಿ 2001ರ ಆಗಸ್ಟ್ 1ರಂದು ಆದೇಶ ಹೊರಡಿಸಿತು. ಅದರಂತೆ ಈ ಶುಲ್ಕ ಸೇವಾ ಶುಲ್ಕದ ಶೇ. 10ನ್ನು ಮೀರುವಂತಿಲ್ಲ, ಮುನ್ಸಿಪಲ್ ತೆರಿಗೆಯನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ಮೋಂಟ್ ಬ್ಲಾಂಕ್ ಸೊಸೈಟಿಯ ಪ್ರಕರಣದಲ್ಲಿ 2007ರಲ್ಲಿ ಬಾಂಬೆ ಹೈಕೋರ್ಟ್ ಈ ಆದೇಶವನ್ನು ಎತ್ತಿಹಿಡಿಯಿತು. ವಾಚ್‌ಮನ್ ಸಂಬಳ ಮೊದಲಾದ ಸೇವಾ ಶುಲ್ಕವೆಂದು ತಿಂಗಳಿಗೆ 1,500 ರೂಪಾಯಿ ಬಿಲ್ ಬರುವ ಮನೆಗೆ ಹೆಚ್ಚೆಂದರೆ 150 ರೂಪಾಯಿ ವಿಧಿಸಬಹುದು, ಅಷ್ಟೇ. ಜನರಲ್ ಬಾಡಿ ಸಭೆ ಕೈಯೆತ್ತಿ ಒಪ್ಪಿದ ಮಾತ್ರಕ್ಕೆ ಸರಕಾರದ ಮಿತಿ ಸಡಿಲವಾಗುವುದಿಲ್ಲ. ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ (ಬೈಲಾ) ಪ್ರಕಾರ ಮನೆ ಬಾಡಿಗೆಗೆ ಕೊಡಲು ಸೊಸೈಟಿಯ ಪೂರ್ವಾನುಮತಿಯೂ ಬೇಡ. ಮುಂಚಿತವಾಗಿ ತಿಳಿಸಿ, ಕರಾರಿನ ಪ್ರತಿಯನ್ನೂ ಪೊಲೀಸ್ ಠಾಣೆಗೆ ಕೊಟ್ಟ ಮಾಹಿತಿಯ ಪ್ರತಿಯನ್ನೂ ಒಪ್ಪಿಸಿದರೆ ಸಾಕು.

ಬಾಡಿಗೆ ತಿನ್ನುವ ಮಾಲೀಕನಿಗೆ ಅಷ್ಟೂ ಕೊಡಲಾಗದೇ ಎಂದು ಕೇಳುವವರು ಸಾಲದ ಲೆಕ್ಕವನ್ನೊಮ್ಮೆ ನೋಡಬೇಕು. 60 ಲಕ್ಷ ರೂಪಾಯಿ ಗೃಹಸಾಲಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 52,000 ರೂಪಾಯಿ. ಆ ಮನೆಗೆ 25,000 ಬಾಡಿಗೆ ಬಂದರೆ ಉಳಿದ 27,000 ಸಂಬಳದಿಂದಲೇ ಹೋಗಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆಯಿಂದಾದ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಆದಾಯದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ನವಿ ಮುಂಬಯಿ ವಿಮಾನ ನಿಲ್ದಾಣದ ಹೆಸರು ಹೇಳಿ, ಬಾಡಿಗೆಯೇ ಕಂತು ಕಟ್ಟುತ್ತದೆಂದು ಬ್ರೋಕರ್‌ಗಳು ಆಸೆ ಹುಟ್ಟಿಸುತ್ತಾರೆ. ನಿವೃತ್ತಿಯ ಕಾಲಕ್ಕೆ ಆಧಾರವಾಗಲೆಂದು ಎರಡನೆಯ ಮನೆ ಕೊಂಡ ಬ್ಯಾಂಕ್ ನೌಕರನ ಕೈಯಲ್ಲಿ ತಿಂಗಳ ಕೊನೆಗೆ ಉಳಿಯುವುದು ಕೊರತೆಯೇ. ಹಾಗಾಗಿ ಸೊಸೈಟಿ ಹೇರಿದ ಪ್ರತಿ ರೂಪಾಯಿ ಕೊನೆಗೆ ಬಾಡಿಗೆದಾರನ ತಲೆಗೆ ಬೀಳುತ್ತದೆ. ಎಪಿಎಂಸಿ ಮಾರ್ಕೆಟಿನ ಗುಮಾಸ್ತ, ಊರಿನಿಂದ ಬಂದು ಹೋಟೆಲಿನಲ್ಲಿ ದುಡಿಯುವ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಅದನ್ನು ತೆರುತ್ತಾರೆ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಅವರಿಗೆ ಮತವೂ ಇಲ್ಲ, ಮಾತೂ ಇಲ್ಲ.

ಕಮಿಟಿಯವರ ದೂರಿನಲ್ಲೂ ಹುರುಳಿದೆ. ಅನೇಕ ಮಾಲೀಕರು ಸಭೆಗೆ ಬರುವುದಿಲ್ಲ, ಮೇಂಟೆನೆನ್ಸ್ ಬಾಕಿ ಇಡುತ್ತಾರೆ, ಎರಡು ಕೋಣೆಯ ಮನೆಗೆ ಹತ್ತು ಜನರನ್ನು ತುಂಬುತ್ತಾರೆ. ಆದರೆ ಅದಕ್ಕೆ ಬೇರೆ ಮದ್ದಿದೆ. ಬಾಕಿಗೆ ಉಪವಿಧಿಗಳಂತೆ ಸರಳ ಬಡ್ಡಿ ಹಾಕಬಹುದು, ನಿಬಂಧಕರಿಂದ ವಸೂಲಿ ಪ್ರಮಾಣಪತ್ರ ಪಡೆಯಬಹುದು. ತಪ್ಪು ಮಾಡಿದವನನ್ನು ಬಿಟ್ಟು, ಬಾಡಿಗೆಗೆ ಕೊಟ್ಟವರೆಲ್ಲರಿಗೂ ದಂಡ ಹಾಕುವುದು ಯಾವ ನ್ಯಾಯ?

ಮಾಲೀಕರು ಏಕೆ ದೂರು ಕೊಡುವುದಿಲ್ಲ? ಅನೇಕರ ಕರಾರು ನೋಂದಣಿಯೇ ಆಗಿರುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನ ಪ್ರಕಾರ, ಹನ್ನೊಂದು ತಿಂಗಳದ್ದಾದರೂ ಲೀವ್ ಎಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸುವುದು ಮಾಲೀಕನ ಹೊಣೆ. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವ್ಯಾಜ್ಯವಾದರೆ ಬೇರೆ ರೀತಿ ಸಾಬೀತಾಗದ ಹೊರತು ಬಾಡಿಗೆದಾರ ಹೇಳಿದ ಷರತ್ತೇ ನಿಲ್ಲುತ್ತದೆ. 25,000 ಬಾಡಿಗೆ, ಒಂದು ಲಕ್ಷ ಡಿಪಾಸಿಟ್ ಇರುವ ಹನ್ನೊಂದು ತಿಂಗಳ ಕರಾರಿಗೆ ಶೇ. 0.25ರ ಮುದ್ರಾಂಕ ಶುಲ್ಕ ಸುಮಾರು 700 ರೂಪಾಯಿ, ನೋಂದಣಿ ಶುಲ್ಕ 1,000. ಇಷ್ಟನ್ನು ಉಳಿಸಲು ಹೋದವನು ಕಮಿಟಿಯ ಎದುರು ಕಾನೂನು ಎತ್ತುವ ಧೈರ್ಯ ಕಳೆದುಕೊಳ್ಳುತ್ತಾನೆ. ಇವನ ಗುಟ್ಟು ಅವರಿಗೆ ಗೊತ್ತು, ಅವರ ಗುಟ್ಟು ಇವನಿಗೆ ಗೊತ್ತು. ನಡುವೆ ಸಿಕ್ಕಿಬೀಳುವವನು ಬಾಡಿಗೆದಾರ.

ಆದ್ದರಿಂದ ಸಿಡ್ಕೊ ವ್ಯಾಪ್ತಿಯ ಸಹಕಾರ ನಿಬಂಧಕರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಸೊಸೈಟಿಗೂ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಹೇಗೂ ಕಡ್ಡಾಯ. ಆಗಲೇ ಬಾಡಿಗೆಗೆ ಕೊಟ್ಟ ಮನೆಗಳ ಬಿಲ್ ತಪಾಸಿಸಿ, ಶೇ. 10ನ್ನು ಮೀರಿದ ವಸೂಲಿಯನ್ನು ವರದಿಯಲ್ಲಿ ಕಡ್ಡಾಯವಾಗಿ ನಮೂದಿಸುವಂತೆ ಆಡಿಟರ್‌ಗಳಿಗೆ ಸೂಚಿಸಲಿ. ಹೆಚ್ಚುವರಿ ಮೊತ್ತವನ್ನು ಮುಂದಿನ ಬಿಲ್ಲಿನಲ್ಲಿ ವಜಾ ಮಾಡಿಸಲಿ. ಅದೇ ಬಿಲ್ಲಿನ ಜೊತೆ ನೋಂದಾಯಿತ ಕರಾರಿನ ಪ್ರತಿಯನ್ನೂ ಕೇಳಲಿ. ನಮ್ಮ ಕನ್ನಡ ಸಂಘಗಳೂ ಸಮುದಾಯದ ಸಂಸ್ಥೆಗಳೂ ವಕೀಲರನ್ನು ಕರೆಸಿ ಈ ವಿಷಯದಲ್ಲಿ ಒಂದು ಮಾಹಿತಿ ಸಭೆ ಇಟ್ಟರೆ ಒಳ್ಳೆಯದು. ಮಾಲೀಕರು ಮಾತ್ರ ಅದಕ್ಕೆ ಕಾಯಬೇಕಿಲ್ಲ. ಮೊದಲು ಕರಾರು ನೋಂದಾಯಿಸಲಿ, ಬಳಿಕ ಶೇ. 10ರ ಮೇಲಿನದನ್ನು ಲಿಖಿತವಾಗಿ ನಿರಾಕರಿಸಲಿ.

ಇತಿ,
ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿರುವ ಓರ್ವ ಓದುಗ, ವಾಶಿ