ಹುಚ್ಚಿಗೆ ಚಪ್ಪಾಳೆ ತಟ್ಟುವವರಿಗೆ

ಕನ್ನಡದಲ್ಲಿ ಹುಚ್ಚು ಅನ್ನುವುದು ಬೈಗುಳವೂ ಹೌದು, ಬಿರುದೂ ಹೌದು. ಓದಿನ ಹುಚ್ಚು, ನಾಟಕದ ಹುಚ್ಚು, ಸಂಗೀತದ ಹುಚ್ಚು ಇರುವವರನ್ನು ನಾವು ಮೆಚ್ಚಿಕೊಳ್ಳುತ್ತೇವೆ. ಶಿವರಾಮ ಕಾರಂತರ ಆತ್ಮಕಥೆಯ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಎಲ್ಲದಕ್ಕೂ ಕೈಹಾಕುವ, ಸುಮ್ಮನೆ ಕೂರಲಾರದ ಮನಸ್ಸೊಂದರ ಹೆಸರಾಗಿ ಅದು ನಮಗೆ ಕೇಳಿಸುತ್ತದೆ, ಹಿತವಾಗಿಯೇ ಕೇಳಿಸುತ್ತದೆ. ಅದೇ ಮಾತಿಗೆ ‘ಆಸ್ಪತ್ರೆ’ ಅಂಟಿಕೊಂಡ ಕೂಡಲೇ ನಮ್ಮ ಮುಖ ಬದಲಾಗುತ್ತದೆ. ರೂಪಕವಾಗಿ ಹುಚ್ಚು ಬೇಕು, ಕಾಯಿಲೆಯಾಗಿ ಬೇಡ. ನನ್ನ ತಕರಾರು ಇರುವುದು ಇಲ್ಲಿಯೇ.

‘ಉನ್ಮಾದ’ ಎಂಬ ಪದದ ಗತಿಯೂ ಅಷ್ಟೇ. ಕ್ರಿಕೆಟ್ ಉನ್ಮಾದ, ಚುನಾವಣೆಯ ಉನ್ಮಾದ, ವಿಮರ್ಶಕರ ಬಾಯಲ್ಲಿ ಸೃಜನಶೀಲ ಉನ್ಮಾದ. ಹೀಗೆ ಬಳಸಿ ಬಳಸಿ, ಮನೋವೈದ್ಯರು ಮೇನಿಯಾ ಎನ್ನುವ ಸ್ಥಿತಿಗೆ ಕನ್ನಡದಲ್ಲಿರುವ ಪದವೂ ಅದೇ ಎಂಬುದು ಮರೆತುಹೋಗಿದೆ. ನಾನು ಹನ್ನೊಂದು ವರ್ಷಗಳಿಂದ ಬೈಪೋಲಾರ್ ಕಾಯಿಲೆಯ ಜೊತೆ ಬದುಕುತ್ತಿರುವವಳು. ಅದಕ್ಕೆ ಎರಡು ತುದಿ. ಒಂದು ಖಿನ್ನತೆ, ಇನ್ನೊಂದು ಉನ್ಮಾದ. ಖಿನ್ನತೆಯ ಬಗ್ಗೆ ನಾವು ಈಗೀಗ ಮಾತಾಡಲು ಕಲಿತಿದ್ದೇವೆ. ಮೂಲೆಯಲ್ಲಿ ಮುದುಡಿ ಕೂತವರನ್ನು ‘ಏನಾಯ್ತು?’ ಎಂದು ಕೇಳುವವರು ಇದ್ದಾರೆ. ನಾಲ್ಕು ರಾತ್ರಿ ಮಲಗದೆ, ಕಣ್ಣು ಹೊಳೆಯಿಸುತ್ತ ಓಡಾಡುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ಅವರನ್ನು ಹೊಗಳುತ್ತಾರೆ.

ನನ್ನನ್ನೂ ಹೊಗಳಿದರು. ಎಂ.ಎ. ಓದುತ್ತಿದ್ದ ದಿನಗಳವು. ವಾರವೊಂದರಲ್ಲಿ ಎರಡು ನೋಟ್‌ಬುಕ್ ತುಂಬ ಕವಿತೆ ಬರೆದೆ. ಕಾದಂಬರಿ ಶುರುಮಾಡಿದೆ. ಫೀಸಿಗೆಂದು ಅಪ್ಪ ಕಳಿಸಿದ್ದ ದುಡ್ಡು, ನಾನು ತರಬೇಕೆಂದಿದ್ದ ಹೊಸ ಪತ್ರಿಕೆಯ ಮುಂಗಡವಾಗಿ ಪ್ರೆಸ್ಸಿಗೆ ಹೋಯಿತು. ರಾತ್ರಿ ಎರಡು ಗಂಟೆಗೆ ಕಂಡಕಂಡವರಿಗೆ ಫೋನು ಮಾಡಿ ಕವಿತೆ ಓದಿದೆ. ಕಾವ್ಯ ಗೋಷ್ಠಿಯೊಂದರಲ್ಲಿ ಹಿರಿಯರೊಬ್ಬರು ‘ಮೈಮೇಲೆ ಬಂದ ಹಾಗೆ ಬರೀತಿದ್ದೀಯಮ್ಮ’ ಎಂದರು. ಸಭೆ ಚಪ್ಪಾಳೆ ತಟ್ಟಿತು. ಸಾಹಿತ್ಯ ಬಲ್ಲ ಅಷ್ಟು ಜನರಲ್ಲಿ ಒಬ್ಬರೂ ‘ನಿದ್ದೆ ಮಾಡಿ ಎಷ್ಟು ದಿನ ಆಯ್ತು?’ ಎಂದು ಕೇಳಲಿಲ್ಲ. ಕೇಳಿದವಳು ನನ್ನ ರೂಮ್‌ಮೇಟ್, ಎಂ.ಕಾಂ. ಓದುತ್ತಿದ್ದವಳು, ಕವಿತೆಯ ಗಂಧಗಾಳಿ ಇಲ್ಲದವಳು. ಅಮ್ಮನಿಗೆ ಫೋನು ಮಾಡಿ, ‘ಆಂಟಿ, ಇವಳು ಆರು ದಿನದಿಂದ ಮಲಗೇ ಇಲ್ಲ, ಮಾತೂ ನಿಲ್ಲಿಸ್ತಿಲ್ಲ, ನಂಗೆ ಭಯ ಆಗ್ತಿದೆ, ಬೇಗ ಬನ್ನಿ’ ಎಂದಳಂತೆ. ನಾನು ಇವತ್ತು ಇದನ್ನು ಬರೆಯುತ್ತಿರುವುದು ಆ ಒಂದು ಫೋನಿನಿಂದ.

ಆ ಹುಡುಗಿ ಗಮನಿಸಿದ್ದನ್ನೇ ವೈದ್ಯರೂ ಗಮನಿಸುತ್ತಾರೆ. ಉನ್ಮಾದದ ಮೊದಲ ಸುಳಿವು ನಿದ್ದೆಯಲ್ಲಿ. ನಿದ್ದೆ ಬಾರದೆ ಒದ್ದಾಡುವುದು ಬೇರೆ. ಎರಡು ಮೂರು ಗಂಟೆ ಮಲಗಿ, ದಣಿವೇ ಇಲ್ಲದೆ ಎದ್ದು ಓಡಾಡುವುದು ಬೇರೆ. ಎರಡನೆಯದು ಅಪಾಯದ್ದು. ಮಾತು ವೇಗವಾಗುತ್ತದೆ, ನಡುವೆ ಬಾಯಿ ಹಾಕಲು ಜಾಗವಿರುವುದಿಲ್ಲ. ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತದೆ. ಲೋಕ ತನ್ನನ್ನೇ ಕಾಯುತ್ತಿದೆ, ತನಗೆ ವಿಶೇಷ ಶಕ್ತಿಯಿದೆ ಎನ್ನಿಸುತ್ತದೆ. ದುಡ್ಡು ನೀರಾಗುತ್ತದೆ, ಸಾಲ, ಹೊಸ ವ್ಯಾಪಾರ, ಎಲ್ಲೆ ಮೀರಿದ ಸಂಬಂಧ, ಅಡ್ಡಾದಿಡ್ಡಿ ಬೈಕ್ ಓಡಿಸುವುದು. ಎಲ್ಲರೂ ಖುಷಿಯಾಗಿಯೇ ಇರುತ್ತಾರೆ ಅಂತಲೂ ಅಲ್ಲ. ಎಷ್ಟೋ ಮಂದಿಗೆ ಉನ್ಮಾದ ಬರುವುದು ಬರೀ ಸಿಡುಕಾಗಿ, ಜಗಳವಾಗಿ. ಇಂಥ ಹಲವು ಲಕ್ಷಣಗಳು ಒಟ್ಟಿಗೆ, ಆ ಮನುಷ್ಯನ ಎಂದಿನ ಸ್ವಭಾವಕ್ಕೆ ಹೊಂದದ ಹಾಗೆ, ಒಂದು ವಾರ ಉಳಿದರೆ ವೈದ್ಯಶಾಸ್ತ್ರ ಅದನ್ನು ಉನ್ಮಾದ ಎನ್ನುತ್ತದೆ. ಆಸ್ಪತ್ರೆಗೆ ಸೇರಿಸಬೇಕಾದಷ್ಟು ತೀವ್ರವಾಗಿದ್ದರೆ ವಾರದ ಲೆಕ್ಕವೂ ಇಲ್ಲ. ಬದುಕನ್ನು ಬುಡಮೇಲು ಮಾಡದಷ್ಟು ಸೌಮ್ಯವಾಗಿದ್ದು ನಾಲ್ಕು ದಿನವಾದರೂ ಇದ್ದರೆ ಅದು ಹೈಪೋಮೇನಿಯಾ.

ಇದನ್ನೆಲ್ಲ ಪಟ್ಟಿ ಮಾಡುತ್ತಿರುವುದು ಕಾಯಿಲೆಯಲ್ಲಿರುವವರಿಗಾಗಿ ಅಲ್ಲ, ನಿಮಗಾಗಿ. ಉನ್ಮಾದದ ಕ್ರೌರ್ಯ ಇರುವುದೇ ಅದರ ಸುಖದಲ್ಲಿ. ಒಳಗಿರುವವರಿಗೆ ತಾವು ಹುಷಾರಿಲ್ಲ ಎಂದು ಗೊತ್ತಾಗುವುದಿಲ್ಲ. ಹುಟ್ಟಿದಾಗಿನಿಂದ ಇಷ್ಟು ಹುಷಾರಾಗಿ ಎಂದೂ ಇರಲಿಲ್ಲ ಎಂದೇ ಅನ್ನಿಸುತ್ತದೆ. ಆದ್ದರಿಂದ ‘ಅವರಾಗಿಯೇ ಡಾಕ್ಟರ ಹತ್ತಿರ ಹೋಗಲಿ’ ಎನ್ನುವ ಮಾತು ಈ ಕಾಯಿಲೆಗೆ ನಡೆಯುವುದಿಲ್ಲ. ಗುರುತಿಸಬೇಕಾದವರು ಪಕ್ಕದಲ್ಲಿರುವವರು: ರೂಮ್‌ಮೇಟ್, ಮೇಷ್ಟ್ರು, ತಂಡದ ನಿರ್ದೇಶಕರು, ಕವಿತೆ ತರಿಸಿಕೊಳ್ಳುವ ಸಂಪಾದಕರು.

ಪಕ್ಕದಲ್ಲಿರುವವರ ಕಣ್ಣಿಗೂ ಒಂದು ಪೊರೆ ಇದೆ. ಗಂಡಸು ಹೀಗಾದರೆ ಪ್ರತಿಭೆ. ಹೆಂಗಸು ಹೀಗಾದರೆ ಮೊದಲ ಎರಡು ದಿನ ಪ್ರತಿಭೆ, ಮೂರನೇ ದಿನ ನಡತೆಯ ಪ್ರಶ್ನೆ. ‘ಬಿಗಿ ಇಲ್ಲದ ಹುಡುಗಿ’ ಎಂದು ನನ್ನ ಬಗ್ಗೆ ಆಡಿಕೊಂಡವರೂ, ‘ಮೈಮೇಲೆ ಬಂದಿದೆ’ ಎಂದು ಕೊಂಡಾಡಿದವರೂ ಒಂದೇ ಸಭಾಂಗಣದಲ್ಲಿದ್ದರು. ಕಾಯಿಲೆ ಇಬ್ಬರಿಗೂ ಕಾಣಲಿಲ್ಲ.

‘ಔಷಧ ತಗೊಂಡ್ರೆ ಬರವಣಿಗೆ ಸತ್ತುಹೋಗುತ್ತೆ’ ಎಂದು ಬುದ್ಧಿ ಹೇಳುವವರು ನಮ್ಮ ವಲಯದಲ್ಲಿ ಬಹಳ. ಈ ಮಾತನ್ನು ನಾನು ಕಾಫಿ ಕುಡಿಯುತ್ತ ಕುಳಿತವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಡೆನ್ಮಾರ್ಕಿನ ಮನೋವೈದ್ಯ ಮೊಗೆನ್ಸ್ ಸ್ಕೌ 1979ರಲ್ಲಿ ಲಿಥಿಯಂ ತೆಗೆದುಕೊಳ್ಳುತ್ತಿದ್ದ 24 ಕಲಾವಿದರನ್ನು ಇದೇ ಪ್ರಶ್ನೆ ಕೇಳಿದರು. 12 ಮಂದಿ ತಮ್ಮ ಕೆಲಸ ಹೆಚ್ಚಿತು ಎಂದರು, 6 ಮಂದಿ ಬದಲಾವಣೆ ಇಲ್ಲ ಎಂದರು, 6 ಮಂದಿ ಕಡಿಮೆಯಾಯಿತು ಎಂದರು. ಚಿಕ್ಕ ಅಧ್ಯಯನ, ನಿಜ. ಆದರೂ ಕಾಫಿ ಮೇಜಿನ ತೀರ್ಪಿಗಿಂತ ತೂಕದ್ದು. ಪ್ರತಿಭೆಗೂ ಈ ಕಾಯಿಲೆಗೂ ನಂಟಿದೆ ಎನ್ನುವವರು ಮರೆಯದೆ ಉಲ್ಲೇಖಿಸುವ ಪುಸ್ತಕ ಕೇ ರೆಡ್‌ಫೀಲ್ಡ್ ಜಾಮಿಸನ್ ಅವರ ‘ಟಚ್ಡ್ ವಿತ್ ಫೈರ್’. ಅದೇ ಜಾಮಿಸನ್ 1995ರಲ್ಲಿ ‘ಆ್ಯನ್ ಅನ್‌ಕ್ವಯಟ್ ಮೈಂಡ್’ ಬರೆದು, ತನಗೂ ಈ ಕಾಯಿಲೆ ಇದೆ, ತಾನು ಬದುಕುಳಿದದ್ದು ಲಿಥಿಯಂ ಮತ್ತು ಆಪ್ತಸಲಹೆಯಿಂದ ಎಂದು ಹೇಳಿಕೊಂಡರು. ಮೊದಲಿನ ಪುಸ್ತಕ ಉಲ್ಲೇಖಿಸುವವರು ಎರಡನೆಯದನ್ನೂ ಓದಲಿ. ಇನ್ನು ನನ್ನ ಆ ಎರಡು ನೋಟ್‌ಬುಕ್: ಅದರಲ್ಲಿ ಓದಿಸಿಕೊಳ್ಳುವ ನಾಲ್ಕು ಸಾಲಿಲ್ಲ. ನನ್ನ ಸಂಕಲನದಲ್ಲಿರುವ ಪದ್ಯಗಳೆಲ್ಲ ಮಾತ್ರೆ ನುಂಗಿ, ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ತಿದ್ದಿ ಬರೆದವು. ಮಾತ್ರೆ ಸುಖದ್ದೇನಲ್ಲ. ಬಾಯಾರಿಕೆ, ಕೈ ನಡುಕ, ಆಗಾಗ ರಕ್ತಪರೀಕ್ಷೆ, ಥೈರಾಯ್ಡ್ ಮತ್ತು ಕಿಡ್ನಿಯ ಮೇಲೆ ನಿಗಾ. ಇಷ್ಟಾದರೂ ಉನ್ಮಾದದ ಬೆನ್ನಿಗೇ ಬರುವ, ಸಾಯಬೇಕೆನ್ನಿಸುವ ಕತ್ತಲನ್ನು ಕಂಡವರು ಈ ಲೆಕ್ಕದಲ್ಲಿ ತಪ್ಪುವುದಿಲ್ಲ.

ಮಗಳಿಗೆ ಗಾಳಿ ಸೋಕಿದೆ ಎಂದು ಮಂತ್ರವಾದಿಯ ಹತ್ತಿರ ಕರೆದೊಯ್ಯುವ ಹಳ್ಳಿಯ ತಾಯಿಯನ್ನು ನಮ್ಮ ಕತೆಗಳಲ್ಲಿ ಗೇಲಿ ಮಾಡುತ್ತೇವೆ. ಅವಳು ದೆವ್ವ ಎನ್ನುತ್ತಾಳೆ, ನಾವು ಪ್ರತಿಭೆ ಎನ್ನುತ್ತೇವೆ. ಆಸ್ಪತ್ರೆಗೆ ಮಾತ್ರ ಇಬ್ಬರೂ ಹೋಗುವುದಿಲ್ಲ. ಅವಳು ಕಡೇಪಕ್ಷ ಮಗಳಿಗೆ ಏನೋ ಆಗಿದೆ ಎಂದಾದರೂ ಒಪ್ಪಿಕೊಂಡಿದ್ದಾಳೆ.

ಹೋಗಲು ದಾರಿಯೇ ಇಲ್ಲ ಎನ್ನುವಂತಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗೆಳೆಯನ ಬಗ್ಗೆ, ತಂಗಿಯ ಬಗ್ಗೆ ಆತಂಕವಾದರೆ ನೀವೇ ಕರೆಮಾಡಿ ಕೇಳಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯರಿದ್ದಾರೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗ. ವೈದ್ಯರ ಮುಂದೆ ಕೂತಾಗ ಒಂದು ಮಾತು ನೆನಪಿರಲಿ: ಬರೀ ಖಿನ್ನತೆಯನ್ನು ಹೇಳಿ, ಹಿಂದೆ ಬಂದುಹೋದ ಆ ‘ಒಳ್ಳೆಯ’ ದಿನಗಳನ್ನು ಮುಚ್ಚಿಡಬೇಡಿ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು. ಹುಷಾರಾದೆ ಎಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ಕೂಡದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೊಂದು ಹಕ್ಕು ಕೊಟ್ಟಿದೆ. ಸ್ವಸ್ಥವಾಗಿರುವಾಗಲೇ ನಾವು, ಮುಂದೆ ಕಾಯಿಲೆ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಬರೆದಿಡಬಹುದು. ನಾನು ಬರೆದಿಟ್ಟಿದ್ದೇನೆ. ಪ್ರತಿನಿಧಿಯಾಗಿ ಹೆಸರಿಸಿರುವುದು ಕವಿಗಳನ್ನಲ್ಲ, ಆ ರೂಮ್‌ಮೇಟನ್ನು.

ಕವಿಗೋಷ್ಠಿ ನಡೆಸುವವರೇ, ರಾತ್ರಿಯಿಡೀ ನಾಟಕದ ತಾಲೀಮು ಮಾಡಿಸುವವರೇ, ಹುಡುಗ ಹುಡುಗಿಯರ ಬೆನ್ನು ತಟ್ಟುವ ಮೇಷ್ಟ್ರುಗಳೇ, ಬೆನ್ನು ತಟ್ಟಿ, ಬೇಡ ಅನ್ನುವುದಿಲ್ಲ. ತಟ್ಟುವ ಮೊದಲು ‘ರಾತ್ರಿ ನಿದ್ದೆ ಮಾಡಿದೆಯೇನಪ್ಪಾ, ಮಾಡಿದೆಯೇನಮ್ಮಾ’ ಎಂದು ಕೇಳಿ. ‘ನಂಗೆ ನಿದ್ದೇನೇ ಬೇಡ ಸಾರ್’ ಎಂದು ನಗುತ್ತ ಉತ್ತರ ಬಂದರೆ ಚಪ್ಪಾಳೆ ನಿಲ್ಲಿಸಿ, ಮನೆಯವರಿಗೆ ಫೋನು ಮಾಡಿ.