ಹೊಲದಡಿಯ ಎಣ್ಣೆ ಕೊಳವೆ: ಮೇಲ್ಮಣ್ಣಿನ ಲೆಕ್ಕ ಕೇಳಿರಿ



ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆಯಿಂದ ಹಾಸನದ ಮೇಲೆ ಹಾದು ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯವರೆಗೆ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವೊಂದು 2003ರಿಂದ ಪೆಟ್ರೋಲು, ಡೀಸೆಲ್ ಸಾಗಿಸುತ್ತಿದೆ. ದಾಭೋಳದಿಂದ ಬೆಂಗಳೂರಿಗೆ ಅನಿಲ ತರುವ ಗೇಲ್ ಸಂಸ್ಥೆಯ ಮಾರ್ಗ 2013ರಲ್ಲಿ ಆರಂಭವಾಯಿತು. ಅದು ಹಾದು ಬಂದ ಜಿಲ್ಲೆಗಳಲ್ಲಿ ಅಂದಿನ ಬಳ್ಳಾರಿ, ದಾವಣಗೆರೆ ಜಿಲ್ಲೆಗಳೂ ಸೇರಿವೆ. ಆಗ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಬಳ್ಳಾರಿಯಲ್ಲಿದ್ದವು, ಹರಪನಹಳ್ಳಿ ದಾವಣಗೆರೆಯಲ್ಲಿತ್ತು. ಕೊಟ್ಟೂರು ಸೇರಿದಂತೆ ಈ ಎಲ್ಲ ತಾಲ್ಲೂಕುಗಳೂ 2021ರಿಂದ ವಿಜಯನಗರ ಜಿಲ್ಲೆಯವು. ಜಿಲ್ಲೆ ಬದಲಾದರೂ ಹೊಲ ಅದೇ, ಮಣ್ಣು ಅದೇ. ಮುಂದೆ ಇನ್ನೊಂದು ಕೊಳವೆ ಬಂದೀತು. ಆಗ ನಾವೇನು ಕೇಳಬೇಕೆಂಬುದನ್ನು ಈಗಲೇ ತಿಳಿದಿರುವುದು ಲೇಸು.

ಕೊಳವೆ ಬೇಡವೆಂದು ನಾನು ಹೇಳುವವನಲ್ಲ. ನೂರಾರು ಟ್ಯಾಂಕರುಗಳು ಘಾಟಿ ಹತ್ತಿ ಬರುವುದಕ್ಕಿಂತ ನೆಲದಡಿ ಎಣ್ಣೆ ಹರಿಯುವುದು ಒಳ್ಳೆಯದೇ. ನಿಮ್ಮ ಪಂಪಿಗೂ ಟ್ರಾಕ್ಟರಿಗೂ ಡೀಸೆಲ್ ಬೇಕಷ್ಟೆ. ನನ್ನ ತಕರಾರು ಕೆಲಸ ನಡೆಸುವ ರೀತಿಯ ಮೇಲೆ.

ಈ ಕೆಲಸಕ್ಕೆ 1962ರಲ್ಲಿ ಮಾಡಿದ ಕೇಂದ್ರ ಕಾನೂನಿದೆ. ಅದರ ಪ್ರಕಾರ ನಿಮ್ಮ ಭೂಮಿಯ ಒಡೆತನ ಹೋಗುವುದಿಲ್ಲ, ಕೊಳವೆ ಹೂಳುವ ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಅಧಿಸೂಚನೆಯ ಪ್ರತಿ ಸಾರ್ವಜನಿಕರಿಗೆ ದೊರೆತ ದಿನದಿಂದ 21 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಕೊಳವೆ ಹೂತ ಮೇಲೆ ಆ ಪಟ್ಟಿಯಲ್ಲಿ ಉತ್ತಿ ಬಿತ್ತಬಹುದು; ಮನೆ ಕಟ್ಟುವುದು, ಬಾವಿ ತೋಡುವುದು, ಮರ ನೆಡುವುದು ಕೂಡದು. ಹಗರಿಬೊಮ್ಮನಹಳ್ಳಿ ಕಡೆಯ ದಾಳಿಂಬೆ ಬೆಳೆಗಾರರು ಇದನ್ನು ಮುಖ್ಯವಾಗಿ ಗಮನಿಸಬೇಕು. ಪರಿಹಾರ ಎರಡು ಬಗೆ: ಬೆಳೆ, ಮರ ಮುಂತಾದವುಗಳ ನಷ್ಟಕ್ಕೆ ಒಂದು, ಬಳಕೆಯ ಹಕ್ಕಿಗೆ, ಅಧಿಸೂಚನೆ ಹೊರಟ ದಿನ ಆ ನೆಲಕ್ಕಿದ್ದ ಮಾರುಕಟ್ಟೆ ಬೆಲೆಯ ಶೇಕಡ 10 ಇನ್ನೊಂದು.

ಶೇಕಡ 10 ಏಕೆ, ನೂರೇಕಲ್ಲ? ನೆಲ ನಿಮ್ಮಲ್ಲೇ ಉಳಿಯುತ್ತದೆ, ಮುಂದಿನ ವರ್ಷ ಮೊದಲಿನಂತೆಯೇ ಬೆಳೆ ತೆಗೆಯುತ್ತೀರಿ ಎಂಬುದು ಇದರ ಹಿಂದಿನ ತರ್ಕ. ಹಾಗಾದರೆ ಮೊದಲಿನಂತಹ ನೆಲ ಸಿಕ್ಕಿತೇ ಎಂದು ನೋಡಬೇಕಾದವರು ಯಾರು?

ಕೂಡ್ಲಿಗಿ, ಕೊಟ್ಟೂರು ಭಾಗದ ಕೆಂಪು ಮಸಾರಿಯನ್ನು ನೀವು ಬಲ್ಲಿರಿ. ಎಷ್ಟೋ ಹೊಲಗಳಲ್ಲಿ ಮೇಲಿನ ಒಂದು ಗೇಣು ಮಾತ್ರ ಮಣ್ಣು, ಕೆಳಗೆ ಗರಸು. ಕೊಳವೆಯ ನೆತ್ತಿಯ ಮೇಲೆ ಒಂದು ಮೀಟರಿನಷ್ಟಾದರೂ ಮಣ್ಣಿರಬೇಕಾದ್ದರಿಂದ ಕಂದಕ ಅದಕ್ಕಿಂತ ಆಳವಿರುತ್ತದೆ. ಯಂತ್ರದವನು ಎಲ್ಲವನ್ನೂ ಒಂದೇ ರಾಶಿ ಹಾಕಿ, ಆಮೇಲೆ ಅದೇ ರಾಶಿಯನ್ನು ತಳ್ಳಿ ಮುಚ್ಚಿದರೆ ಗರಸು ಮೇಲೆ ಬಂದು ಮಣ್ಣು ಕೆಳಗೆ ಸೇರುತ್ತದೆ. ಅಂಥಲ್ಲಿ ಶೇಂಗಾ ಸೂಜಿ ನೆಲಕ್ಕೆ ಇಳಿಯುವುದಿಲ್ಲ, ತೇವ ನಿಲ್ಲುವುದಿಲ್ಲ. ಕಂದಕದ ಬಾಯಿ ಎರಡು ಮೀಟರ್ ಎಂದಿಟ್ಟುಕೊಂಡರೂ 100 ಮೀಟರ್ ಉದ್ದಕ್ಕೆ 40 ಘನ ಮೀಟರಿಗೂ ಹೆಚ್ಚು ಮೇಲ್ಮಣ್ಣು ಹಾಳಾಯಿತು. ಇಷ್ಟು ಕೆರೆಮಣ್ಣು ಹೊರಗಿನಿಂದ ತಂದು ಹಾಕಲು ಎಷ್ಟು ಟ್ರಾಕ್ಟರ್ ಬೇಕೆಂದು ನೀವೇ ಲೆಕ್ಕ ಹಾಕಿರಿ. ಮೇಲ್ಮಣ್ಣನ್ನು ಮೊದಲು ಬೇರೆ ರಾಶಿ ಮಾಡಿ, ಕೊನೆಯಲ್ಲಿ ಮೇಲೆ ಹರಡುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಡ; ಯಾರಾದರೂ ನಿಂತು ಹೇಳಬೇಕು.

ಹಡಗಲಿ, ಹರಪನಹಳ್ಳಿ ಕಡೆಯ ಎರೆಹೊಲಗಳ ತೊಂದರೆ ಬೇರೆ. ಮುಚ್ಚಿದ ಎರೆ ಮೊದಲ ದೊಡ್ಡ ಮಳೆಗೆ ಕುಸಿದು ಕಾಲುವೆಯಾಗುತ್ತದೆ. ಕುಸಿಯಬಾರದೆಂದು ದಿಬ್ಬ ಏರಿಸಿದರೆ ಅದು ಇಳಿಜಾರಿನ ನೀರಿಗೆ ಅಡ್ಡ ನಿಂತು ಒಂದು ಮಗ್ಗುಲು ಜವಳು, ಇನ್ನೊಂದು ಮಗ್ಗುಲು ಒಣ. ಒಡೆದ ಬದುವನ್ನು ಬರೀ ಮಣ್ಣು ಎಳೆದು ಮುಚ್ಚಿದರೆ ಸಾಲದು, ಗುದ್ದಿ ಕಟ್ಟಬೇಕು.

ಕಂದಕದ ಆಚೀಚೆಯೂ ಪೆಟ್ಟು ಬೀಳುತ್ತದೆ. ಕೆಲಸದ ಪಟ್ಟಿ ಸಾಮಾನ್ಯವಾಗಿ 18ರಿಂದ 20 ಮೀಟರ್ ಅಗಲ. 100 ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ ಅರ್ಧ ಎಕರೆ. ಭಾರಿ ಯಂತ್ರಗಳು ಅದರ ಮೇಲೆ ಓಡಾಡಿ ನೆಲ ಗಟ್ಟಿಯಾಗುತ್ತದೆ. ಹಸಿ ಎರೆಯ ಮೇಲೆ ಓಡಾಡಿದರಂತೂ ಕೇಳುವುದೇ ಬೇಡ. ಆದ್ದರಿಂದ ಹಿಂಗಾರಿ ಜೋಳ ಕಟಾವಾದ ಮೇಲೆ, ಮುಂಗಾರಿಗೆ ಮುನ್ನ ಕೆಲಸ ಮುಗಿಸುವಂತೆ ಗ್ರಾಮಸಭೆಯಲ್ಲೇ ಪಟ್ಟು ಹಿಡಿಯಿರಿ.

ಕೊಳವೆ ಹಾಕುವವರು ಒಂದೇ ಗುಂಪಲ್ಲ. ನೆಲ ಸವರುವವರು, ಕೊಳವೆ ಸಾಲಾಗಿ ಇಡುವವರು, ಬೆಸೆಯುವವರು, ಬೆಸುಗೆಯನ್ನು ಎಕ್ಸ್‌ರೇ ತೆಗೆದು ನೋಡುವವರು, ಇಳಿಸಿ ಮುಚ್ಚುವವರು, ನೀರು ತುಂಬಿಸಿ ಒತ್ತಡ ಪರೀಕ್ಷೆ ಮಾಡುವವರು, ಹೀಗೆ ಸರದಿಯ ಮೇಲೆ ಬರುತ್ತಾರೆ. ಬೆಸುಗೆಗೆ ಇಷ್ಟು ಕಟ್ಟುನಿಟ್ಟಿನ ಪರೀಕ್ಷೆ ಇರುವಾಗ ಹೊಲ ಸರಿಪಡಿಸಿದ್ದಕ್ಕೆ ಪರೀಕ್ಷೆಯೇನು? ನಿಮ್ಮಿಂದ ಪಡೆಯುವ ಒಂದು ಸಹಿ. “ನನ್ನ ಹೊಲ ಮೊದಲಿನಂತೆ ಆಗಿದೆ, ತಕರಾರಿಲ್ಲ” ಎಂಬ ಆ ಕಾಗದಕ್ಕೆ ಬೇಸಿಗೆಯಲ್ಲಿ ಸಹಿ ಮಾಡಬೇಡಿರಿ. ಒಂದು ಮಳೆಗಾಲ ಕಳೆದು, ಕುಸಿದದ್ದು ಕಂಡು, ಅದನ್ನು ಸರಿಪಡಿಸಿದ ಮೇಲೆ ಮಾಡಿರಿ. ಗುತ್ತಿಗೆದಾರನಿಗೂ ಕೊನೆಯ ಬಿಲ್ಲು ಅಲ್ಲಿಯವರೆಗೆ ಕೊಡಕೂಡದೆಂಬುದು ನನ್ನ ಅಭಿಪ್ರಾಯ.

ಪರಿಹಾರದ ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಲು ಅದೇ ಕಾನೂನಿನಲ್ಲಿ ಅವಕಾಶವಿದೆ. ಬೆಳೆ ಮಾತ್ರವಲ್ಲ, ಗಳಿಕೆಗೆ ಆದ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದು ಹೇಳುತ್ತದೆ. ಎರಡನೆಯ, ಮೂರನೆಯ ವರ್ಷ ಇಳುವರಿ ಕುಗ್ಗಿದ್ದನ್ನೂ ಕೇಳಿರಿ. ಲಾವಣಿಗೆ ಮಾಡುವವರೂ ಭೂಮಿಯಲ್ಲಿ ಹಿತಾಸಕ್ತಿ ಉಳ್ಳವರೇ, ಅವರು ಹಿಂಜರಿಯಬೇಕಾಗಿಲ್ಲ. ಆದರೆ ಬಾಯಿಮಾತಿಗೆ ಬೆಲೆಯಿಲ್ಲ. ಪಹಣಿಯಲ್ಲಿ ಬೆಳೆಯ ನಮೂದು ಸರಿಯಿರಲಿ. ಯಂತ್ರ ಹೊಲಕ್ಕೆ ಇಳಿಯುವ ಮುನ್ನ ಬದು, ಮರ, ಹನಿ ನೀರಾವರಿ ಕೊಳವೆಗಳ ಫೋಟೋ ತೆಗೆದಿಡಿ. ಪಟ್ಟಿಯೊಳಗಿನ ಮಣ್ಣಿನ ಮಾದರಿಯೊಂದನ್ನು, ಪಕ್ಕದ ಮಣ್ಣಿನದೊಂದನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಪರೀಕ್ಷೆಯ ಚೀಟಿ ಪಡೆಯಿರಿ. ಕಂದಕ ಮುಚ್ಚಿದ ಮೇಲೆ ಅದೇ ಜಾಗದಿಂದ ಮತ್ತೊಮ್ಮೆ ಮಾದರಿ ತೆಗೆದರೆ ಎರಡು ಚೀಟಿಗಳನ್ನೂ ಅರ್ಜಿಗೆ ಲಗತ್ತಿಸಬಹುದು.